ಮಳೆಗಾಲದಲ್ಲೂ ನಡೆಯೋ ಕ್ಲಾಸ್‌ರೂಮ್: ನಮ್ಮ ಮಲೆನಾಡ ಶಾಲೆಗೆ ಎಂಥ ಟೆಕ್ನಾಲಜಿ ಬೇಕು?

ಹೊಸನಗರದ ಮೇಷ್ಟ್ರು

ಎಲ್ರಿಗೂ ನಮಸ್ಕಾರ. ಹೊಸನಗರ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೇಲಿ ಹದಿನೇಳು ವರ್ಷದಿಂದ ಪಾಠ ಮಾಡ್ತಿದೀನಿ. ಒಂದರಿಂದ ಏಳರವರೆಗೆ 43 ಮಕ್ಕಳು, ನಾವು ಮೂರು ಜನ ಟೀಚರ್. ಪಕ್ಕದೂರಿನ ಶಾಲೆಗೆ ದಾನಿಗಳೊಬ್ರು ದೊಡ್ಡ ಸ್ಮಾರ್ಟ್ ಬೋರ್ಡ್ ಕೊಡ್ಸಿದಾರೆ, ಅದನ್ನ ನೋಡ್ಕಂಡು ಬಂದ ನಮ್ಮ ಎಸ್‌ಡಿಎಂಸಿಯವ್ರು (ಶಾಲಾಭಿವೃದ್ಧಿ ಸಮಿತಿಯವ್ರು) ನಮಗೂ ಒಂದು ಆಗ್ಲೇಬೇಕು ಅಂತ ಪಟ್ಟು ಹಿಡಿದಿದಾರೆ, ಹಳೇ ವಿದ್ಯಾರ್ಥಿಗಳು ಸೇರಿ ದುಡ್ಡೂ ಒಟ್ಟು ಮಾಡ್ತಿದಾರೆ. ನಂಗೆ ತುಂಬ ಖುಷಿ ಆಗಿದೆ. ಆದ್ರೆ ಆ ದುಡ್ಡಲ್ಲಿ ಏನು ತರಬೇಕು ಅನ್ನೋದ್ರಲ್ಲಿ ನನ್ನ ಲೆಕ್ಕ ಬೇರೆ ಇದೆ, ಅದನ್ನ ಇಲ್ಲಿ ಬರೀತೀನಿ, ತಪ್ಪಿದ್ರೆ ಹೇಳಿ.

ಹೋದ ಜುಲೈ ತಿಂಗಳ ಮಾತು. ಲೈನ್ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರ್ಲಿಲ್ಲ, ಕರೆಂಟ್ ಹೋಗಿ ಅರ್ಧ ದಿನಕ್ಕೆ ಟವರೂ ನಿಂತೋಯ್ತು. ನಮ್ಮ ಆರನೇ ಕ್ಲಾಸಿನ ಮಕ್ಕಳು ಜೂನ್‌ನಿಂದ ಮಳೆ ಅಳೀತಿದ್ರು. ಎರಡು ಲೀಟರಿನ ಪ್ಲಾಸ್ಟಿಕ್ ಬಾಟ್ಲಿ, ಮೇಲಿನ ಭಾಗ ಕತ್ತರಿಸಿ ತಲೆಕೆಳಗೆ ಮಾಡಿ ಅದಕ್ಕೇ ಕೂರ್ಸಿದ್ರೆ ಆಲಿಕೆ ಆಗುತ್ತೆ, ತಳದಲ್ಲಿ ಉಬ್ಬುತಗ್ಗು ಇರೋದ್ರಿಂದ ಅಲ್ಲಿಗೆ ಸಣ್ಣ ಕಲ್ಲು ತುಂಬಿ ನೀರು ಹಾಕಿ ಆ ನೀರಿನ ಮಟ್ಟಕ್ಕೆ ಸೊನ್ನೆ ಅಂತ ಗೆರೆ, ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸೋದು. ಹವಾಮಾನ ಇಲಾಖೆಯವ್ರು ದಿನಾ ಬೆಳಗ್ಗೆ 8:30ಕ್ಕೆ ಓದ್ತಾರಲ್ಲ, ನಮ್ಮದೂ ಅದೇ ಟೈಮು, ಶಾಲೆ ಪಕ್ಕದ ಮನೆ ಹುಡುಗ ಕೊಡೆ ಹಿಡ್ಕಂಡು ಬಂದು ಓದಿ ಬರೆದಿಡ್ತಾನೆ. ಆ ವಾರ ಒಂದಿನ 112 ಮಿಲಿಮೀಟರ್ ಬಂತು.

ಅವತ್ತು ಗಣಿತದ ಪಾಠ ಅದ್ರಿಂದಲೇ ಶುರುವಾಯ್ತು. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಂದ್ರೆ ಸರಿಯಾಗಿ ಒಂದು ಲೀಟರ್ ನೀರು. ನಮ್ಮ ಹಳೇ ಕೊಠಡಿ 12 ಮೀಟರ್ ಉದ್ದ 6 ಮೀಟರ್ ಅಗಲ. 72ನ್ನ 112ರಿಂದ ಗುಣಿಸಿದ್ರೆ 8064 ಲೀಟರ್, ಒಂದೇ ದಿನಕ್ಕೆ, ಒಂದೇ ಸೂರಿನಿಂದ. ಆಗ ಹಿಂದಿನ ಬೆಂಚಿನ ಹುಡುಗಿ ಎದ್ದು "ಸರ್, ಹೆಂಚಿನ ಮಾಡು ಇಳಿಜಾರು ಇದೆಯಲ್ಲ, ಮಾಡಿನ ಅಳತೆ ನೆಲಕ್ಕಿಂತ ಜಾಸ್ತಿ ಆಗುತ್ತಲ್ವಾ, ಹಂಗಾರೆ ನೀರೂ ಜಾಸ್ತಿ ಬರ್ಬೇಕಲ್ವಾ" ಅಂದ್ಲು. ನಾನು ಉತ್ತರ ಹೇಳ್ಲಿಲ್ಲ. ಪುಸ್ತಕವನ್ನ ಅಡ್ಡ ಹಿಡ್ದು ಓರೆ ಹಿಡ್ದು ಅದರ ಕೆಳಗೆ ಎಷ್ಟು ನೆಲ ನೆನೆಯಲ್ಲ ಅಂತ ಜಗಲೀಲಿ ನಿಂತು ಅವ್ರೇ ನೋಡಿದ್ರು. ಮಳೆ ನೆಟ್ಟಗೆ ಬಿದ್ರೆ ಲೆಕ್ಕಕ್ಕೆ ಬರೋದು ಸೂರು ಮುಚ್ಚಿರೋ ನೆಲ, ಮಾಡಿನ ಇಳಿಜಾರಲ್ಲ ಅಂತ ಅವ್ರೇ ಕಂಡ್ಕಂಡ್ರು. ಇನ್ನೊಬ್ಬ ಕೇಳ್ದ, ಇವತ್ತು ಆಗುಂಬೇಲಿ ಎಷ್ಟು ಸರ್, ನಮಗಿಂತ ಜಾಸ್ತಿನಾ?

ಅದಕ್ಕೆ ಮಾತ್ರ ನನ್ನ ಹತ್ರ ಏನೂ ಇರ್ಲಿಲ್ಲ. ಪಂಚಾಯ್ತಿ ಪಂಚಾಯ್ತಿಗೂ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕ ಇದೆ, ತಾನಾಗೇ ಲೆಕ್ಕ ಕಳಿಸುತ್ತೆ, ಆದ್ರೆ ನೆಟ್‌ವರ್ಕ್ ಇಲ್ದೆ ಅದನ್ನ ನೋಡೋದು ಹೆಂಗೆ. ಆ ಮಗು ಆ ಪ್ರಶ್ನೆ ಕೇಳಿದ ಗಳಿಗೆ ಇದೆಯಲ್ಲ, ಅದಕ್ಕೆ ಒದಗಿ ಬರೋದೇ ನನ್ನ ಪಾಲಿಗೆ ಟೆಕ್ನಾಲಜಿ.

ಅದಕ್ಕೇ ನಾನು ಅಂದ್ಕಂಡಿರೋದು ಹಿಂಗೆ. ಕ್ಲಾಸಿನ ಮೂಲೇಲಿ ರಾಸ್ಪ್‌ಬೆರಿ ಪೈ ಥರದ ಒಂದು ಪುಟ್ಟ ಕಂಪ್ಯೂಟರ್, ಅಂಗೈ ಅಗಲ ಅಷ್ಟೇ, ಅದೇ ತನ್ನ ವೈಫೈ ಬಿಡುತ್ತೆ, ಇಂಟರ್ನೆಟ್ ಇಲ್ದಿದ್ರೂ ಅದರೊಳಗಿರೋದನ್ನ ಮಕ್ಕಳು ಟ್ಯಾಬಲ್ಲಿ ತೆಗೀಬಹುದು. ಅದ್ರಲ್ಲಿ ಕಿವಿಕ್ಸ್ ಅಂತ ನೆಟ್ ಇಲ್ದೆ ಓದೋಕೆ ಇರೋ ಸಾಫ್ಟ್‌ವೇರ್ ಹಾಕಿ ಕನ್ನಡ ವಿಕಿಪೀಡಿಯ ಪೂರ್ತಿ ಇಳಿಸಿಡಬಹುದು, ಪಠ್ಯಪುಸ್ತಕದ ಪಿಡಿಎಫ್ ಇಡಬಹುದು, ಹಿಂದಿನ ವರ್ಷಗಳ ಮಳೆ ಲೆಕ್ಕ ಇಡಬಹುದು, ನೆಟ್ ಬಂದಾಗ ಹೊಸದನ್ನ ತುಂಬಿಕೊಳ್ಳೋದು. ಹತ್ತು ಟ್ಯಾಬ್ ಸಾಕು. ಎಲ್ಲಕ್ಕಿಂತ ಮುಖ್ಯ, ನಮ್ಮ ಮಕ್ಕಳೇ ಅಳೆದದ್ದು, ಬರೆದದ್ದು, ರೆಕಾರ್ಡ್ ಮಾಡಿದ್ದು ಅದ್ರೊಳಗೆ ಕೂತಿರಬೇಕು, ಐದು ವರ್ಷ ಆದ್ಮೇಲೆ ಬರೋ ಆರನೇ ಕ್ಲಾಸು ಇವತ್ತಿನ 112ನ್ನ ತೆಗೆದು ನೋಡ್ಬೇಕು. ಗೋಡೆ ಮೇಲಿನ ದೊಡ್ಡ ಪರದೇಲಿ ಮಕ್ಕಳು ನೋಡ್ತಾ ಕೂರೋದಕ್ಕಿಂತ ಕೈಯಲ್ಲಿ ಹಿಡ್ಕಂಡು ಅಳೆಯೋ ಶಾಲೆ ನಂಗೆ ಬೇಕು. ನೀವೇನಂತೀರಿ?

ತೀರ್ಥಹಳ್ಳಿ ಅಮ್ಮ

ಸರ್ ನೀವು ಬರೆದಿದ್ದು ಓದಿ ಕಣ್ಣು ತುಂಬಿ ಬಂತು ಆದ್ರೂ ಒಂದು ಕೇಳ್ತೀನಿ ಬೇಜಾರು ಮಾಡ್ಕೋಬೇಡಿ. 2020ರಲ್ಲಿ ಆನ್‌ಲೈನ್ ಕ್ಲಾಸ್ ಅಂತ ಮಗನ ಕೈಗೆ ಫೋನ್ ಕೊಟ್ವಿ, ಆಗ ಅವ್ನು ಎರಡನೇ ಕ್ಲಾಸು, ಇವತ್ತಿಗೂ ಆ ಫೋನ್ ವಾಪಸ್ ಪೂರ್ತಿ ನಮ್ ಕೈಗೆ ಬಂದಿಲ್ಲ. ಊಟಕ್ಕೆ ಕೂತ್ರೂ ರೀಲ್ಸು, ತೋಟಕ್ಕೆ ಬಾ ಅಂದ್ರೆ ಬರಲ್ಲ. ಮನೇಲಿ ದಿನಾ ಇದೇ ಜಗಳ. ಈಗ ಶಾಲೇಲೂ ಟ್ಯಾಬ್ ಅಂದ್ರೆ ನಮ್ಮಂಥೋರಿಗೆ ಎದೆ ಧಸಕ್ಕಂತದೆ.

ಹೊಸನಗರದ ಮೇಷ್ಟ್ರು

ಮೇಡಂ ನಿಮ್ಮ ಭಯ ನಿಜ. ನಂಗೂ ಅದೇ ಭಯ ಇರೋದ್ರಿಂದ್ಲೇ ಇಂಟರ್ನೆಟ್ ಇಲ್ದಿರೋ ವ್ಯವಸ್ಥೆ ಅಂತ ಹೇಳಿದ್ದು. ಆ ಪುಟ್ಟ ಪೆಟ್ಟಿಗೇಲಿ ನಾವು ಹಾಕಿದ್ದು ಮಾತ್ರ ಇರುತ್ತೆ, ರೀಲ್ಸ್ ಇಲ್ಲ, ಜಾಹೀರಾತು ಇಲ್ಲ, ಮುಂದಿನ ವಿಡಿಯೋ ತಾನೇ ಶುರುವಾಗಲ್ಲ. ಟ್ಯಾಬ್ ಮನೆಗೆ ಹೋಗಲ್ಲ. ಒಂದು ಟ್ಯಾಬಿಗೆ ಮೂರು ಮಕ್ಕಳು, ಒಬ್ರು ಅಳೆಯೋದು, ಒಬ್ರು ಓದಿ ಹೇಳೋದು, ಒಬ್ರು ಟೈಪ್ ಮಾಡೋದು, ದಿನಾ ಬದಲಾಗ್ತಾ ಹೋಗುತ್ತೆ. ಇಡೀ ದಿನದಲ್ಲಿ ಮುಕ್ಕಾಲು ಗಂಟೆಗಿಂತ ಜಾಸ್ತಿ ಬೇಕಾಗಲ್ಲ. ಉಳಿದ ಹೊತ್ತು ಬಾಟ್ಲಿ, ಸ್ಕೇಲು, ಪುಸ್ತಕ, ಮೈದಾನ.

ಸಾಗರದ ಎಲೆಕ್ಟ್ರಿಷಿಯನ್

ಮೇಷ್ಟ್ರೇ ನಾನು ಇಪ್ಪತ್ತು ವರ್ಷದಿಂದ ವೈರಿಂಗ್ ಕೆಲ್ಸ ಮಾಡೋನು, ಶಾಲೆಗಳಿಗೆ ಪ್ರೊಜೆಕ್ಟರ್ ಯುಪಿಎಸ್ ಕೂರ್ಸಿದೀನಿ, ಸುಟ್ಟೋದ್ಮೇಲೆ ಬಿಚ್ಚಿದ್ದೂ ನಾನೇ. ನೀವು ಏನೇ ತನ್ನಿ, ಮೊದಲು ಅರ್ತಿಂಗ್ ನೋಡ್ಸಿ, ಅಂದ್ರೆ ಸೋರಿದ ಕರೆಂಟನ್ನ ನೆಲಕ್ಕೆ ಇಳಿಸೋ ವ್ಯವಸ್ಥೆ. ನಮ್ ಕಡೆ ಜಂಬಿಟ್ಟಿಗೆ ಕಲ್ಲು, ಬೇಸಿಗೇಲಿ ನೆಲ ಒಣಗಿ ಅರ್ತ್ ಸಿಗೋದೇ ಕಷ್ಟ. ಹಳೇ ಶಾಲೆಗಳಲ್ಲಿ ಮೂರು ತೂತಿನ ಪ್ಲಗ್ ಇರುತ್ತೆ ಮೂರನೇದಕ್ಕೆ ವೈರೇ ಇರಲ್ಲ, ನಾನೇ ಕಣ್ಣಾರೆ ನೋಡಿದೀನಿ. ಜನ ಮಳೆಗಾಲ ಅಂದ್ರೆ ಜುಲೈ ಅಂದ್ಕತಾರೆ ಆದ್ರೆ ಸಿಡಿಲು ಹೊಡೆಯೋದು ಹೆಚ್ಚಾಗಿ ಏಪ್ರಿಲ್ ಮೇ ಗುಡುಗು ಮಳೇಲಿ ಮತ್ತೆ ಅಕ್ಟೋಬರಲ್ಲಿ. ಏಪ್ರಿಲ್ ಮೇನಲ್ಲಿ ಶಾಲೆಗೆ ರಜಾ, ಪ್ಲಗ್ ತೆಗೆಯೋರಿಲ್ಲ, ಜೂನ್‌ನಲ್ಲಿ ಬಾಗ್ಲು ತೆಗೆದು ಸ್ವಿಚ್ ಹಾಕಿದ್ರೆ ಬೋರ್ಡ್ ಸತ್ತಿರುತ್ತೆ. ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ, ಪ್ಲಗ್ಗೇ ಕಿತ್ತಿಡಬೇಕು, ನೆಟ್ ಕೇಬಲ್ಲನ್ನೂ ಕೀಳ್ಬೇಕು, ಸಿಡಿಲು ಅದ್ರಲ್ಲೂ ಬರ್ತದೆ.

ಇನ್ನು ನಿಮ್ಮ ಪುಟ್ಟ ಕಂಪ್ಯೂಟರ್ ಲೆಕ್ಕ ನಂಗೆ ಇಷ್ಟ ಆಯ್ತು. ಅದು ಐದಾರು ವ್ಯಾಟ್ ಎಳೀಬಹುದು ಅಷ್ಟೇ. ಯುಪಿಎಸ್ ಒಳಗೆ ಬರೋ ಸಣ್ಣ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟ್ರಿ ಅಂದ್ರೆ 84 ವ್ಯಾಟ್ ಅವರ್, ಬ್ಯಾಟ್ರಿ ಬಾಳಿಕೆ ಬರ್ಲಿ ಅಂತ ಅರ್ಧ ಮಾತ್ರ ಬಳಸಿದ್ರೂ ಆರೇಳು ಗಂಟೆ ಬರುತ್ತೆ, ಒಂದು ಶಾಲೆ ದಿನ ಆಯ್ತಲ್ಲ. ಅದೇ ಬ್ಯಾಟ್ರೀಲಿ ಪ್ರೊಜೆಕ್ಟರ್ ಹತ್ತು ನಿಮಿಷ ಓಡಿದ್ರೆ ದೊಡ್ಡದು. ಇನ್ನೊಂದು, ಆ ಥರದ ಕಂಪ್ಯೂಟರ್ ಮೆಮೊರಿ ಕಾರ್ಡ್ ಮೇಲೆ ಓಡೋದು, ಕರೆಂಟ್ ಧಡ್ ಅಂತ ಹೋದ್ರೆ ಕಾರ್ಡ್ ಕೆಟ್ಟೋಗುತ್ತೆ. ಅದಕ್ಕೆ ನೇರ ಕರೆಂಟ್ ಕೊಡ್ಬೇಡಿ, ಬ್ಯಾಟ್ರಿ ಮೂಲಕನೇ ಕೊಡಿ. ಕಾರ್ಡಿಂದು ಇನ್ನೊಂದು ಕಾಪಿ ಮಾಡಿ ಬೀರುವಲ್ಲಿ ಇಟ್ಕೊಳ್ಳಿ.

ಸೊರಬದವ

ಮೊದ್ಲು ಟೀಚರ್ ಕೊಡ್ಲಿ ಸ್ವಾಮಿ. ಏಳು ಕ್ಲಾಸಿಗೆ ಮೂರು ಜನ. ಅದ್ರಲ್ಲಿ ಒಬ್ರು ಮೀಟಿಂಗು, ಒಬ್ರು ಮಾಹಿತಿ ಎಂಟ್ರಿ. ಯಂತ್ರ ಬಂದ್ರೆ ಟೀಚರ್ ಇಲ್ದಿದ್ರೂ ನಡೆಯುತ್ತೆ ಅಂತ ಮೇಲಿನೋರು ಅಂದ್ಕಬಾರದು ಅನ್ನೋದೇ ನನ್ನ ಕಳವಳ.

ಹೊಸನಗರದ ಮೇಷ್ಟ್ರು

ಸೊರಬದವ್ರೇ, ಇದು ನನ್ನ ಕಳವಳನೂ ಹೌದು. ಮೇಲಿನ ಹುಡುಗಿ ಇಳಿಜಾರಿನ ಪ್ರಶ್ನೆ ಕೇಳಿದಾಗ ಅಲ್ಲಿ ಟೀಚರ್ ಇಲ್ದೆ ಬರೀ ಪರದೆ ಇದ್ದಿದ್ರೆ ಆ ಪ್ರಶ್ನೆ ಅಲ್ಲೇ ಬಿದ್ದೋಗ್ತಿತ್ತು. ಆದ್ರೆ ಬಹುವರ್ಗ ಬೋಧನೆಯ ಕಷ್ಟ ನಾಳೆಗೇ ಹೋಗಲ್ಲ. ಸಣ್ಣ ಕ್ಲಾಸಿನ ಮಕ್ಕಳು ಚಟುವಟಿಕೆಯಿಂದ ಕಲಿಯೋ ನಲಿ ಕಲಿ ಪದ್ಧತಿ ನೆನಪು ಮಾಡ್ಕೊಳ್ಳಿ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದಾಗ ಅದರ ಹತ್ರ ಇದ್ದದ್ದು ಕಾರ್ಡು ಮತ್ತೆ ಕಲಿಕಾ ಏಣಿ. ಮಗು ತಾನು ಯಾವ ಮೆಟ್ಟಿಲಲ್ಲಿದೀನಿ ಅಂತ ತಾನೇ ನೋಡ್ಕಂಡು ಮುಂದಿನ ಕಾರ್ಡ್ ತಗೊಳ್ಳುತ್ತೆ, ಟೀಚರ್ ಆ ಹೊತ್ತಿಗೆ ಇನ್ನೊಂದು ಗುಂಪಿನ ಜೊತೆ ಕೂತಿರ್ತಾರೆ. ನನ್ನ ಕಲ್ಪನೆ ಅದರದ್ದೇ ಮುಂದುವರಿಕೆ. ನಾಲ್ಕರಿಂದ ಏಳರ ಮಕ್ಕಳಿಗೂ ಅಂಥ ಏಣಿ ಇರ್ಬೇಕು, ಟ್ಯಾಬ್ ಅದ್ರಲ್ಲಿ ಒಂದು ಮೆಟ್ಟಿಲು ಆಗ್ಬೇಕು.

ಶರಾವತಿ ಹಿನ್ನೀರಿನ ಹುಡುಗಿ

ನಾನು ಕರೂರು ಹೋಬಳಿಯೋಳು, ಈಗ ಶಿವಮೊಗ್ಗದಲ್ಲಿ ಬಿಎಸ್ಸಿ ಓದ್ತಿದೀನಿ. ಲಿಂಗನಮಕ್ಕಿ ನೀರಿನ ಆಚೆ ದಡ ನಮ್ದು. ಲಾಕ್‌ಡೌನ್ ಟೈಮಲ್ಲಿ ಸಿಗ್ನಲ್ ಹುಡುಕ್ಕಂಡು ಗುಡ್ಡ ಹತ್ತಿದೋರಲ್ಲಿ ನಾನೂ ಒಬ್ಳು. ಮನೆಯಿಂದ ಅರ್ಧ ಗಂಟೆ ನಡೆದ್ರೆ ಒಂದು ಬಂಡೆ, ಅಲ್ಲಿ ಮಾತ್ರ ಎರಡು ಕಡ್ಡಿ ಬರ್ತಿತ್ತು, ಅಪ್ಪ ಅಡಿಕೆ ದಬ್ಬೆ ಊರಿ ಪ್ಲಾಸ್ಟಿಕ್ ಕಟ್ಟಿ ಕೊಟ್ಟಿದ್ರು, ಕಾಲಿಗೆ ಉಂಬಳ (ಜಿಗಣೆ) ಹತ್ತದಂಗೆ ಸುಣ್ಣ ಹೊಗೆಸೊಪ್ಪು ಹಚ್ಕಂಡು ಕೂರ್ತಿದ್ದೆ. ಆಮೇಲೆ ನಮ್ ಕಡೆ "ನೋ ನೆಟ್‌ವರ್ಕ್ ನೋ ವೋಟಿಂಗ್" ಅಂತ ಜನ ಬೋರ್ಡೇ ಹಾಕಿದ್ರು. ಈಗ ಸಿಗಂದೂರು ಸೇತುವೆ ಆಗಿದೆ 2025ರಲ್ಲಿ, ಲಾಂಚಿಗೆ ಕಾಯೋದು ತಪ್ತು, ಕೆಲವು ಕಡೆ ಟವರೂ ಬಂದಿದೆ.

ಆದ್ರೆ ನಾನು ಹೇಳ್ಬೇಕು ಅಂದ್ಕಂಡಿದ್ದು ಬೇರೆ. ಅಷ್ಟು ಕಷ್ಟಪಟ್ಟು ಗುಡ್ಡ ಹತ್ತಿ ಕೂತ್ರೂ ನಂಗೆ ರಾಸಾಯನಿಕ ಸಮೀಕರಣ ಸರಿದೂಗಿಸೋದು ಅರ್ಥ ಆಗ್ಲಿಲ್ಲ, ಅರ್ಥ ಆಗ್ಲಿಲ್ಲ ಅಂತ ಯಾರಿಗೂ ಗೊತ್ತೂ ಆಗ್ಲಿಲ್ಲ. ಆ ಕಡೆಯಿಂದ ಮಾತು ಬರ್ತಿತ್ತು ಈ ಕಡೆಯಿಂದ ಏನೂ ಹೋಗ್ತಿರ್ಲಿಲ್ಲ. ಅದೇ ವರ್ಷ ವಿದ್ಯಾಗಮ ಅಂತ ಸರ್ಕಾರದ ಯೋಜನೇಲಿ ನಮ್ ಟೀಚರ್ ನಮ್ಮ ಕೇರಿ ಜಗಲಿಗೆ ಬಂದು ಕೂತಾಗ ನನ್ನ ನೋಟ್ಸ್ ನೋಡಿ ಎರಡೇ ನಿಮಿಷದಲ್ಲಿ ಎಲ್ಲಿ ತಪ್ಪಿದೆ ಅಂತ ಹಿಡಿದ್ರು. ಸರ್, ನಿಮ್ಮ ಪೆಟ್ಟಿಗೇಲಿ ಮಗು "ನಂಗೆ ಇದು ತಿಳೀಲಿಲ್ಲ" ಅಂತ ನಾಚಿಕೆ ಇಲ್ದೆ ಹೇಳೋಕೆ ಒಂದು ಜಾಗ ಇಡಿ, ಅದು ನೇರ ನಿಮಗೇ ಬರೋ ಹಂಗೆ. ನಂಗೆ ಆಗ ಬೇಕಾಗಿದ್ದು ಅದೊಂದೇ.

ಹೊಸನಗರದ ಮೇಷ್ಟ್ರು

ತಂಗಿ, ಇದು ನಂಗೆ ಹೊಳೆದೇ ಇರ್ಲಿಲ್ಲ. ಬರೆಯೋಕೆ ಹಿಂಜರಿಯೋ ಮಕ್ಕಳು ಮಾತಾಡಿ ಕಳಿಸೋ ಹಂಗೂ ಇರ್ಬೇಕು. ಖಂಡಿತ ಮಾಡೋಣ.

ಹೈಸ್ಕೂಲ್ ಸೈನ್ಸ್ ಟೀಚರ್

ಸರ್ ನಾನು ಎಂಟರಿಂದ ಹತ್ತಕ್ಕೆ ವಿಜ್ಞಾನ ಹೇಳೋಳು. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳನ್ನ, ಅಂದ್ರೆ ಪರದೆ ಮೇಲೆ ಮಾಡಿ ನೋಡೋ ಪ್ರಯೋಗಗಳನ್ನ, ಖಂಡಿತ ಹಾಕ್ಕೊಳ್ಳಿ, ಇಳಿಸಿಟ್ರೆ ನೆಟ್ ಇಲ್ದೆ ಓಡ್ತವೆ, ಬಹಳಷ್ಟು ಕನ್ನಡದಲ್ಲೂ ಇವೆ, ಉಚಿತ. ಆ ಶಿವಮೊಗ್ಗದ ಹುಡುಗಿ ಹೇಳಿದ ಸಮೀಕರಣ ಸರಿದೂಗಿಸೋದಕ್ಕೇ ಒಂದು ಇದೆ, ಅಣುಗಳನ್ನ ಎರಡೂ ಕಡೆ ಜೋಡಿಸ್ತಾ ಹೋದ ಹಂಗೆ ತಕ್ಕಡಿ ಸಮ ಬರುತ್ತೆ. ಆದ್ರೆ ನನ್ನ ಅನುಭವ ಹೇಳ್ತೀನಿ, ವಿದ್ಯುತ್ ಪಾಠಕ್ಕೆ ಮೊದಲು ಸಿಮ್ಯುಲೇಶನ್ ತೋರಿಸ್ದಾಗ ಮಕ್ಕಳು ಬಲ್ಬ್ ಹತ್ತಿದ್ದನ್ನ ನೋಡಿ ಸುಮ್ನಾದ್ರು. ಮುಂದಿನ ವರ್ಷ ಉಲ್ಟಾ ಮಾಡ್ದೆ, ಮೊದಲು ಟಾರ್ಚ್ ಸೆಲ್ಲು ವೈರು ಸಣ್ಣ ಬಲ್ಬು ಕೈಗೆ ಕೊಟ್ಟೆ, ಎರಡು ಬಲ್ಬ್ ಸಾಲಾಗಿ ಹಾಕಿದ್ರೆ ಮಂಕಾಗುತ್ತೆ, ಯಾಕೆ ಅಂತ ತಲೆ ಕೆಡಿಸ್ಕಂಡ್ರು, ಆಮೇಲೆ ಸಿಮ್ಯುಲೇಶನ್ ತೆಗೆದು ವೈರಿನೊಳಗೆ ಚಲಿಸೋ ಎಲೆಕ್ಟ್ರಾನ್ ತೋರಿಸ್ದೆ. ಕಣ್ಣಿಗೆ ಕಾಣದ್ದನ್ನ ತೋರ್ಸೋಕೆ ಮಾತ್ರ ಪರದೆ, ಕೈಗೆ ಸಿಗೋದನ್ನ ಕೈಗೇ ಕೊಡ್ಬೇಕು.

ಅದೇ ಥರ ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ಅವ್ರ ತಂಡ ಮಾಡಿದ ಫೋಲ್ಡ್‌ಸ್ಕೋಪ್ ಅಂತಿದೆ, ಕಾಗದ ಮಡಿಸಿ ಮಾಡೋ ಸೂಕ್ಷ್ಮದರ್ಶಕ, ಫೋನ್ ಕ್ಯಾಮರಾಕ್ಕೆ ಅಂಟಿಸ್ಬಹುದು. ನಮ್ಮ ಮಕ್ಕಳು ಅಡಿಕೆ ಎಲೆಚುಕ್ಕೆ ರೋಗದ ಎಲೆ ತಂದು ಅದ್ರಲ್ಲಿ ನೋಡಿದ್ರು. ಮನೇಲಿ ಅಪ್ಪ ದಿನಾ ತಲೆ ಮೇಲೆ ಕೈ ಹೊತ್ತು ಕೂರೋದು ಯಾವುದಕ್ಕೆ ಅನ್ನೋದನ್ನ ಮಗು ಕಣ್ಣಾರೆ ಕಂಡ ಗಳಿಗೆ ಅದು, ಯಾರೂ ಮಾತಾಡ್ಲಿಲ್ಲ ಒಂದು ನಿಮಿಷ. ಶೇಕಡಾ ಲೆಕ್ಕ ಹೇಳೋವಾಗ್ಲೂ ಅಡಿಕೆಗೆ ರೋಗ ಬರದಂಗೆ ಹೊಡೆಯೋ ಬೋರ್ಡೋ ದ್ರಾವಣನೇ ತಗೊಳ್ಳಿ, ಒಂದು ಪರ್ಸೆಂಟ್ ಅಂದ್ರೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ ಒಂದು ಕೆಜಿ ಸುಣ್ಣ, ಮಲೆನಾಡಿನ ಮಕ್ಕಳಿಗೆ ಇದು ಗೊತ್ತಿರೋದೇ.

ಇನ್ನೊಂದು ಮಾತು, ಟ್ಯಾಬ್ ಯಾರ ಕೈಯಲ್ಲಿರುತ್ತೆ ನೋಡಿ. ಹಳ್ಳಿ ಮಕ್ಕಳ ಕಲಿಕೆ ಬಗ್ಗೆ ನಡೆಯೋ ಅಸರ್ ಅನ್ನೋ ಸಮೀಕ್ಷೆಯ 2023ರ ವರದೀಲಿ 14ರಿಂದ 18 ವರ್ಷದ ಹಳ್ಳಿ ಮಕ್ಕಳಲ್ಲಿ ಹತ್ತಿರ ಹತ್ತಿರ ನೂರಕ್ಕೆ 90 ಜನರ ಮನೇಲಿ ಸ್ಮಾರ್ಟ್‌ಫೋನ್ ಇತ್ತು. ಆದ್ರೆ ಬಳಸೋಕೆ ಬರೋ ಹುಡುಗ್ರಲ್ಲಿ ಸ್ವಂತ ಫೋನ್ ಇದ್ದದ್ದು ನೂರಕ್ಕೆ 44ರಷ್ಟು, ಹುಡುಗೀರಲ್ಲಿ 20ರಷ್ಟು. ಮನೇಲಿ ಸಿಗದ್ದು ಹುಡುಗೀರಿಗೆ ಶಾಲೇಲಾದ್ರೂ ಸಿಗ್ಬೇಕು. ಗುಂಪಲ್ಲಿ ಹುಡುಗ್ರು ಟೈಪ್ ಮಾಡೋದು ಹುಡುಗೀರು ನೀಟಾಗಿ ನೋಟ್ಸ್ ಬರೆಯೋದು ಅಂತ ಆಗೋಕೆ ಬಿಡ್ಬೇಡಿ.

ಕೊಪ್ಪದವ, ಬೆಂಗಳೂರಲ್ಲಿ

ಮೇಷ್ಟ್ರೇ ನಾನು ಸಾಫ್ಟ್‌ವೇರ್ ಕೆಲ್ಸದಲ್ಲಿದೀನಿ, ಓದಿದ್ದು ಕನ್ನಡ ಮೀಡಿಯಂ ಸರ್ಕಾರಿ ಶಾಲೆ. ಪೆಟ್ಟಿಗೆ ಸೆಟಪ್ ಮಾಡೋದು ನನ್ನ ಜವಾಬ್ದಾರಿ, ಊರಿಗೆ ಬಂದಾಗ ಬಂದು ಕೂರ್ಸಿ ಕಲಿಸಿಕೊಟ್ಟು ಹೋಗ್ತೀನಿ. ಒಂದು ಪ್ರಶ್ನೆ, ಎಐ ಬಗ್ಗೆ ಏನಂತೀರಿ? ಮಗು ಕನ್ನಡದಲ್ಲಿ ಕೇಳಿದ್ರೆ ಕನ್ನಡದಲ್ಲಿ ಉತ್ತರ ಹೇಳೋ ಹಂಗಾಗಿದೆ ಈಗ, ಮುಂದಿನ ಕ್ಲಾಸ್‌ರೂಮಲ್ಲಿ ಅದಿಲ್ದೆ ಆಗುತ್ತಾ?

ಹೊಸನಗರದ ಮೇಷ್ಟ್ರು

ಬನ್ನಿ ಅಣ್ಣ, ತುಂಬ ಉಪಕಾರ ಆಗುತ್ತೆ. ಎಐ ಬೇಡ ಅನ್ನಲ್ಲ. ಆದ್ರೆ ನಮ್ಮ ಶಾಲೇಲಿ ನಡೆದದ್ದು ಕೇಳಿ. ಏಳನೇ ಕ್ಲಾಸಿನ ಹುಡುಗಿ ಒಬ್ಳು ಅವಳ ಅಜ್ಜಿ ಹತ್ರ ಗದ್ದೆ ನೆಟ್ಟಿ ಕೆಲಸದ ಬಗ್ಗೆ ಕೇಳಿ ನನ್ನ ಫೋನಲ್ಲಿ ರೆಕಾರ್ಡ್ ಮಾಡ್ಕಂಡು ಬಂದ್ಲು. ಹನ್ನೊಂದು ನಿಮಿಷ. ಹಿಂದೆ ಮಳೆ ಶಬ್ದ, ನಡುವೆ ಒಂದು ಕರು ಕೂಗುತ್ತೆ. ಅದನ್ನ ಮಾತು ಕೇಳಿ ಟೈಪ್ ಮಾಡೋ ಆಪಿಗೆ ಹಾಕಿದ್ವಿ. ಮಳೆಗೆ ಹೊದೆಯೋ "ಗೊರಬು" ಅಂದಿದ್ದು "ಗೊರಕೆ" ಆಯ್ತು, ಹುಲ್ಲು ಬೆಳೆಯೋ ಜಾಗಕ್ಕೆ ಅನ್ನೋ "ಬ್ಯಾಣ" ಹೋಗಿ "ಬಾಣ" ಆಯ್ತು, "ಹಕ್ಲು" ಅನ್ನೋ ನಮ್ಮೂರ ಪದ ಇದ್ದ ಕಡೆ ಏನೂ ಬರ್ಲೇ ಇಲ್ಲ. ಆ ಹುಡುಗಿ ಮುಖ ಸಣ್ಣ ಮಾಡ್ಕಂಡು "ಅಜ್ಜಿ ಮಾತು ತಪ್ಪಾ ಸರ್" ಅಂತ ಕೇಳಿದ್ಲು. ನಂಗೆ ಎದೆಗೆ ನಾಟ್ತು ಆ ಮಾತು. ತಪ್ಪು ಅಜ್ಜೀದಲ್ಲ ಮಗಾ, ಈ ಯಂತ್ರ ಇನ್ನೂ ನಮ್ಮೂರಿಗೆ ಬಂದಿಲ್ಲ, ನೀನೇ ಅದಕ್ಕೆ ಕಲಿಸ್ಬೇಕು ಅಂದೆ. ಈಗ ಅವಳೂ ಇನ್ನೂ ನಾಲ್ಕು ಜನರೂ ಸೇರಿ ಪದ, ಅರ್ಥ, ಅಜ್ಜಿ ದನಿ ಮೂರನ್ನೂ ಜೋಡಿಸಿ ಪಟ್ಟಿ ಮಾಡ್ತಿದಾರೆ. ಮುಂದಿನ ಕ್ಲಾಸ್‌ರೂಮಲ್ಲಿ ಎಐ ಇರ್ಲಿ, ಆದ್ರೆ ಅದು ತಪ್ಪು ಹೇಳ್ದಾಗ "ಇದು ತಪ್ಪು" ಅನ್ನೋ ಧೈರ್ಯ ಮಗೂಗೆ ಮೊದಲು ಬಂದಿರ್ಬೇಕು.

ಕೊಪ್ಪದವ, ಬೆಂಗಳೂರಲ್ಲಿ

ಈ ಪಟ್ಟಿ ಬಹಳ ಬೆಲೆಬಾಳೋದು ಮೇಷ್ಟ್ರೇ. ನಮ್ಮ ಭಾಷೆಗಳನ್ನ ಕಂಪ್ಯೂಟರಿಗೆ ಕಲಿಸೋ ಕೇಂದ್ರ ಸರ್ಕಾರದ ಭಾಷಿಣಿ ಯೋಜನೇಲಿ ಭಾಷಾದಾನ ಅಂತ ಇದೆ, ಜನ ತಮ್ಮ ದನಿ ಕೊಡ್ಬಹುದು, ದೊಡ್ಡೋರು ಒಪ್ಪಿದ್ರೆ ಅಲ್ಲಿಗೆ ಕೊಡಿ. ಮಕ್ಕಳ ದನಿ, ಫೋಟೋ ಮಾತ್ರ ಎಲ್ಲೂ ಹಾಕ್ಬೇಡಿ, 2023ರ ಡೇಟಾ ಸಂರಕ್ಷಣಾ ಕಾಯ್ದೇಲಿ 18ರ ಒಳಗಿನೋರಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಪೆಟ್ಟಿಗೆ ಒಳಗೇ ಇರ್ಲಿ.

ನಿವೃತ್ತ ಮುಖ್ಯ ಶಿಕ್ಷಕ

ಎಲ್ಲ ಓದಿದೆ. ನಾನು ಸರ್ವಿಸಲ್ಲಿ ರೇಡಿಯೋ ಪಾಠ ಕಂಡೆ, ಟೇಪ್ ರೆಕಾರ್ಡರ್ ಕಂಡೆ, ಬಣ್ಣದ ಟಿವಿ ಕಂಡೆ, 2004ರಲ್ಲಿ ಪಾಠ ಪ್ರಸಾರಕ್ಕೆ ಅಂತ ಎಜುಸ್ಯಾಟ್ ಉಪಗ್ರಹ ಹಾರಿಸಿದಾಗ ಇನ್ನು ಶಾಲೆ ಬದಲಾಗುತ್ತೆ ಅಂತ ನಂಬಿದೋನು ನಾನು. ಬಹಳಷ್ಟು ಸಾಮಾನು ಕೆಟ್ಟಿದ್ದು ಬಳಸಿದ್ರಿಂದ ಅಲ್ಲ, ಬಳಸದೇ ಇದ್ದಿದ್ರಿಂದ. ಬಂದ ದಿನ ಸ್ಟಾಕ್ ರಿಜಿಸ್ಟರ್‌ಗೆ ಏರಿಸಿ ಬೀರುವಿಗೆ ಬೀಗ ಹಾಕೋದು, ಕೆಟ್ಟರೆ ಯಾರು ಕಟ್ಟಿಕೊಡ್ಬೇಕು ಅನ್ನೋ ಹೆದ್ರಿಕೆ. ನಮ್ಮ ತೇವಕ್ಕೆ ಮುಚ್ಚಿಟ್ಟ ಯಂತ್ರ ಎರಡೇ ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತೆ, ಪ್ರೊಜೆಕ್ಟರ್ ಲೆನ್ಸಲ್ಲಿ ಬಿಳಿ ಬಲೆ ಕಟ್ಟಿದ್ದನ್ನ ನಾನೇ ಒರೆಸಿದೀನಿ. ದಿನಾ ಓಡೋ ಯಂತ್ರ ತನ್ನ ಬಿಸಿಗೆ ಒಣಗಿರುತ್ತೆ.

ಅದಕ್ಕೆ ಒಂದು ಸಲಹೆ. ಎಸ್‌ಡಿಎಂಸಿ ಸಭೇಲಿ ಠರಾವು ಮಾಡ್ಸಿ, ಪಾಠದ ಬಳಕೇಲಿ ಹಾಳಾದ್ರೆ ಶಿಕ್ಷಕರಾಗ್ಲಿ ಮಗುವಾಗ್ಲಿ ಹೊಣೆ ಅಲ್ಲ, ರಿಪೇರಿಗೆ ಇಷ್ಟು ಹಣ ತೆಗೆದಿಟ್ಟಿದೆ ಅಂತ. ಸಂಗ್ರಹ ಆದ ದುಡ್ಡಲ್ಲಿ ಕಾಲು ಭಾಗ ಮುಟ್ಟಬೇಡಿ, ಅದು ರಿಪೇರಿಗೆ. ಬೀರುವಿನ ಒಂದು ಕೀ ಏಳನೇ ಕ್ಲಾಸಿನ ಮಕ್ಕಳ ಹತ್ರ ಇರ್ಲಿ, ಅವ್ರೇ ತೆಗೆದು ಅವ್ರೇ ಒರೆಸಿ ಇಡ್ಲಿ.

ಹೊಸನಗರದ ಮೇಷ್ಟ್ರು

ಹಿರಿಯರಿಗೆ ನಮಸ್ಕಾರ. ನಿನ್ನೆ ಸಂಜೆ ಎಸ್‌ಡಿಎಂಸಿಯವ್ರ ಜೊತೆ ಕೂತು ಇಲ್ಲಿ ಬಂದದ್ದನ್ನೆಲ್ಲ ಓದಿ ಹೇಳ್ದೆ. ಸ್ಮಾರ್ಟ್ ಬೋರ್ಡ್ ಬೇಕೇ ಬೇಕು ಅಂತಿದ್ದ ಅಧ್ಯಕ್ಷರು ಪ್ಲಗ್ ವಿಚಾರ ಬಂದಾಗ ಎದ್ದು ಹೋಗಿ ಗೋಡೆ ಪ್ಲಗ್ ಬಿಚ್ಚಿ ನೋಡಿದ್ರು, ಮೂರನೇ ತೂತಿಗೆ ವೈರ್ ಇಲ್ಲ. ಆಮೇಲೆ ಮಾತು ಸುಲಭ ಆಯ್ತು. ಮೊದಲು ಅರ್ತಿಂಗ್, ಆಮೇಲೆ ಪೆಟ್ಟಿಗೆ ಮತ್ತೆ ಬ್ಯಾಟ್ರಿ, ಆರು ಟ್ಯಾಬ್, ಒಂದು ಒಳ್ಳೇ ಮೈಕು, ಹತ್ತು ಫೋಲ್ಡ್‌ಸ್ಕೋಪು, ಕಾಲು ಭಾಗ ರಿಪೇರಿಗೆ. ಠರಾವೂ ಆಯ್ತು. ಬೋರ್ಡ್ ವಿಚಾರ ಮುಂದಿನ ವರ್ಷ ನೋಡೋಣ ಅಂದಿದಾರೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಾವಿ ಕಟ್ಟೆ ಪಕ್ಕ ಗುಂಡಿ ತೋಡ್ತೀವಿ, ಅಲ್ಲಿ ಬೇಸಿಗೇಲೂ ತೇವ ಇರುತ್ತೆ. ಇದ್ದಿಲು, ಉಪ್ಪು ಊರೋರು ತರ್ತಾರೆ. ಎಷ್ಟು ಆಳ ಬೇಕು ಅಂತ ಯಾರಾದ್ರೂ ಹೇಳಿ.

ಸಾಗರದ ಎಲೆಕ್ಟ್ರಿಷಿಯನ್

ಎಂಟಡಿ ತೋಡ್ಸಿ. ಪೈಪ್ ನಾನೇ ತರ್ತೀನಿ, ಮೀಟರೂ ತರ್ತೀನಿ, ಅಳೆದು ತೋರ್ಸೋದನ್ನ ಮಕ್ಕಳೂ ನೋಡ್ಲಿ. ಎರಡು ಗಂಟೆಗೆ ಅಲ್ಲಿರ್ತೀನಿ.

ತೀರ್ಥಹಳ್ಳಿ ಅಮ್ಮ

ಸರ್ ನನ್ನ ಮಗ ನಿಮ್ಮ ಮಳೆ ಬಾಟ್ಲಿ ಓದಿ ಹೇಳಿದ್ಮೇಲೆ ಅಂಗಳದಲ್ಲಿ ಒಂದು ಮಾಡಿಟ್ಟಿದಾನೆ. ಇವತ್ತು ಬೆಳಗ್ಗೆ 38 ಅಂತೆ. ಹೊಸನಗರದ ಮಕ್ಕಳಿಗೆ ಎಷ್ಟು ಬಂತು ಕೇಳಮ್ಮ ಅಂತ ಇಲ್ಲೇ ಪಕ್ಕದಲ್ಲಿ ಕೂತಿದಾನೆ.

ಹೊಸನಗರದ ಮೇಷ್ಟ್ರು

ನಮ್ಮಲ್ಲಿ 51 ಬಂದಿದೆ ಅಂತ ಹೇಳಿ. ನಾಳೆಯಿಂದ ಅವ್ನ ಲೆಕ್ಕನೂ ದಿನಾ ಕಳಿಸೋಕೆ ಹೇಳಿ ಮೇಡಂ, ನಮ್ಮ ಮಕ್ಕಳು ಗೋಡೆ ಮೇಲೆ ತೀರ್ಥಹಳ್ಳಿಗೆ ಅಂತ ಒಂದು ಸಾಲು ಎಳೀತಿದಾರೆ.